ಹಿಂದಿನ ಗಾಡಿಗೆ ಬ್ರೇಕ್ ಹಾಕೋರು ಯಾರು?

ಟ್ರೇಲರ್ ಎಳೆಯೋಕೆ ಯಾವ ಬ್ರೇಕ್ ಕಂಟ್ರೋಲರ್ ಒಳ್ಳೇದು ಅಂತ ಅಮೆರಿಕದಲ್ಲಿರೋ ಗೆಳೆಯರು ಆಗಾಗ ಕೇಳ್ತಿರ್ತಾರೆ. ಪಿಕಪ್ ಕೊಂಡಾಯ್ತು, ಹಿಂದೆ ದೋಣಿಯನ್ನೋ ಕ್ಯಾಂಪಿಂಗ್ ಟ್ರೇಲರನ್ನೋ ಕಟ್ಟಿದ್ದಾಯ್ತು, ಇನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸೋ ಪೆಟ್ಟಿಗೆ ಯಾವುದು ಅಂತ ಚಿಂತೆ. ನನಗೇನೋ ಇದು ಅಂಗಡಿಯ ಪ್ರಶ್ನೆಗಿಂತ ಇತಿಹಾಸದ ಪ್ರಶ್ನೆ ಅನ್ನಿಸುತ್ತೆ. ಮುಂದಿನವನು ಬ್ರೇಕ್ ಒತ್ತಿದ್ದು ಹಿಂದಿನ ಗಾಡಿಗೆ ಗೊತ್ತಾಗೋದು ಹೇಗೆ? ನಡುವಿನ ಕೊಂಡಿ ಕಳಚಿದರೆ ಏನು ಗತಿ?

ಈ ಎರಡು ಪ್ರಶ್ನೆ ಮೊದಲು ಕಾಡಿದ್ದು ರೈಲಿನವರನ್ನು. ಎಂಜಿನ್ ಶಿಳ್ಳೆ ಹಾಕಿದರೆ ಬ್ರೇಕ್‌ಮ್ಯಾನ್‌ಗಳು ಬೋಗಿಯಿಂದ ಬೋಗಿಗೆ ಹೋಗಿ ಕೈಯಿಂದ ಬ್ರೇಕ್ ಬಿಗೀಬೇಕಿದ್ದ ಕಾಲ ಅದು. 1869ರಲ್ಲಿ 22 ವರ್ಷದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. ಎಂಜಿನ್ನಿನಿಂದ ಕೊಳವೆಯಲ್ಲಿ ಗಾಳಿ ಕಳಿಸಿದರೆ ಎಲ್ಲ ಬೋಗಿಗೂ ಒಟ್ಟಿಗೇ ಬ್ರೇಕ್ ಬೀಳುತ್ತೆ. ಆದರೆ ಕೊಳವೆ ತುಂಡಾದರೆ ಬ್ರೇಕೇ ಇಲ್ಲ! 1872ರಲ್ಲಿ ಅವನೇ ಇದನ್ನು ಉಲ್ಟಾ ಮಾಡಿದ. ಪ್ರತಿ ಬೋಗಿಯಲ್ಲೂ ಒಂದು ಗಾಳಿಯ ಟ್ಯಾಂಕ್ ಇಟ್ಟ. ಕೊಳವೆಯಲ್ಲಿ ಒತ್ತಡ ಇರೋತನಕ ಬ್ರೇಕ್ ಸಡಿಲ, ಒತ್ತಡ ಹೋದರೆ ತಾನಾಗಿ ಬಿಗಿ.

ಆದರೆ ಎಲ್ಲ ಕಂಪನಿಗಳೂ ಇಂಥ ಬ್ರೇಕಿಗೆ ದುಡ್ಡು ಹಾಕಲಿಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಹತ್ತಿರ, ಸಂಡೇ ಸ್ಕೂಲಿನ ಮಕ್ಕಳನ್ನು ಸಮುದ್ರ ತೋರಿಸೋಕೆ ಕರೆದೊಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತುಬಿಟ್ಟಿತು. ಎರಡು ಭಾಗ ಮಾಡಿ ಎಳೆಯೋಣ ಅಂತ ಹಿಂದಿನ ಹತ್ತು ಬೋಗಿ ಕಳಚಿದರು. ಆ ರೈಲಿನ ವ್ಯಾಕ್ಯೂಮ್ ಬ್ರೇಕು ಕೊಂಡಿ ಕಳಚಿದ ಕೂಡಲೇ ಬಿಟ್ಟುಹೋಗುವಂಥದ್ದು. ಉಳಿದದ್ದು ಒಂದು ಕೈಬ್ರೇಕು ಮತ್ತು ಚಕ್ರದ ಕೆಳಗಿಟ್ಟ ಕಲ್ಲುಗಳು. ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. 80 ಜನ ಸತ್ತರು, ಅದರಲ್ಲಿ ಮಕ್ಕಳೇ ಎಷ್ಟೋ. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರಯಾಣಿಕರ ರೈಲುಗಳಿಗೆ ತಾನಾಗಿ ಬಿಗಿಯುವ ಬ್ರೇಕನ್ನು ಕಡ್ಡಾಯ ಮಾಡಿತು.

ಈಗ ರಸ್ತೆಗೆ ಬನ್ನಿ. ದೊಡ್ಡ ಲಾರಿಗಳಿಗೆ ಗಾಳಿ ಬ್ರೇಕ್ ಸರಿ, ಕಾರು-ಪಿಕಪ್ಪುಗಳಲ್ಲಿ ಗಾಳಿಯ ಕಂಪ್ರೆಸರ್ ಎಲ್ಲಿದೆ? ಇರೋದು ಬ್ಯಾಟರಿ. ಅಯಸ್ಕಾಂತದಿಂದ ಕೆಲಸ ಮಾಡುವ ಸ್ಪೀಡೋಮೀಟರ್ ಮಾಡಿ ಹೆಸರಾಗಿದ್ದ ಆರ್ಥರ್ ವಾರ್ನರ್ ವಿದ್ಯುತ್ ಬ್ರೇಕಿಗೆ ಕೈಹಾಕಿದ. ಅವನ ವಾರ್ನರ್ ಎಲೆಕ್ಟ್ರಿಕ್ ಕಂಪನಿ ಶುರುವಾದದ್ದು 1927ರಲ್ಲಿ. ವೇಗ ಅಳೆಯೋಕೂ ಅಯಸ್ಕಾಂತ, ನಿಲ್ಲಿಸೋಕೂ ಅಯಸ್ಕಾಂತ! ಟ್ರೇಲರಿನ ಚಕ್ರದೊಳಗಿನ ವಿದ್ಯುತ್ಕಾಂತಕ್ಕೆ ಕರೆಂಟ್ ಕೊಟ್ಟರೆ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಜೊತೆಗೆ ಜಗ್ಗುತ್ತೆ, ಆ ಜಗ್ಗಿಗೆ ಸನ್ನೆಕೋಲು ಸರಿದು ಬ್ರೇಕ್ ಶೂ ಅಗಲವಾಗುತ್ತೆ. ಚಕ್ರಕ್ಕೆ ಸುಮಾರು 3 ಆಂಪಿಯರ್ ಸಾಕು.

ಎಷ್ಟು ಕರೆಂಟ್, ಯಾವಾಗ ಅಂತ ನಿರ್ಧರಿಸೋದೇ ಕಂಟ್ರೋಲರ್. ಹಳೇ ಕಂಟ್ರೋಲರ್‌ಗಳು ವಾಹನದ ಬ್ರೇಕ್ ಎಣ್ಣೆಯ ಪೈಪಿನಿಂದಲೇ ಒಂದು ಕವಲು ಎಳೆದುಕೊಳ್ಳುತ್ತಿದ್ದವು. ಕಾಲಿನ ಒತ್ತಡ ನೇರ ಗೊತ್ತಾಗೋದೇನೋ ನಿಜ, ಆದರೆ ಆ ಕವಲು ಸೋರಿದರೆ ಮುಂದಿನ ವಾಹನದ ಬ್ರೇಕಿಗೂ ಕುತ್ತು. ಎಬಿಎಸ್ ಬಂದ ಮೇಲೆ ಆ ಪೈಪು ಮುಟ್ಟೋ ಹಾಗೇ ಇಲ್ಲ ಅಂತಾಯ್ತು.

ಉಳಿದದ್ದು ಎರಡು ದಾರಿ. ಒಂದು, ಬ್ರೇಕ್ ಲೈಟ್ ಹತ್ತಿದ ಕೂಡಲೇ ಮೊದಲೇ ಹೊಂದಿಸಿಟ್ಟಷ್ಟು ಕರೆಂಟನ್ನು ಮೆಲ್ಲಗೆ ಏರಿಸೋದು. ಅಗ್ಗ. ಆದರೆ ನೀವು ಮೆತ್ತಗೆ ಒತ್ತಿದಿರೋ, ಪ್ರಾಣಭಯದಿಂದ ಒತ್ತಿದಿರೋ ಅದಕ್ಕೆ ತಿಳಿಯದು. ಇನ್ನೊಂದು, ವೇಗ ಎಷ್ಟು ಜೋರಾಗಿ ತಗ್ಗುತ್ತಿದೆ ಅನ್ನೋದನ್ನು ಲೋಲಕದಿಂದಲೋ ಸೆನ್ಸರ್‌ನಿಂದಲೋ ಅಳೆದು ಅಷ್ಟಕ್ಕೆ ತಕ್ಕಷ್ಟು ಕೊಡೋದು. 2005ರ ಮಾದರಿಯಿಂದ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ ಕಂಟ್ರೋಲರ್ ಫ್ಯಾಕ್ಟರಿಯಿಂದಲೇ ಬರತೊಡಗಿತು. ನನ್ನ ಕೇಳಿದರೆ ಎರಡನೆಯದನ್ನೇ ಕೊಳ್ಳಿ. ಮೆತ್ತಗೆ ಒತ್ತಿದರೆ ಟ್ರೇಲರ್ ಜಗ್ಗೋದಿಲ್ಲ, ಗಟ್ಟಿಯಾಗಿ ಒತ್ತಿದರೆ ಹಿಂದಿನಿಂದ ನಿಮ್ಮನ್ನು ತಳ್ಳೋದೂ ಇಲ್ಲ.

ಆದರೂ ಗಮನಿಸಿ, ಎಷ್ಟೇ ಜಾಣ ಪೆಟ್ಟಿಗೆಯಾದರೂ ವೈರು ಕಿತ್ತರೆ ವಿದ್ಯುತ್ ಬ್ರೇಕ್ ಸತ್ತಂತೆ. ಅಂದರೆ ಇದು 1869ರ ಬ್ರೇಕು! ಇದನ್ನು 1872ರ ಬ್ರೇಕಾಗಿ ಮಾಡೋದು ಟ್ರೇಲರಿನ ಮೂತಿಯಲ್ಲಿರೋ ಬ್ರೇಕ್‌ಅವೇ ಸ್ವಿಚ್ಚು. ಟ್ರೇಲರ್ ಕಳಚಿಕೊಂಡರೆ ತಂತಿ ಸ್ವಿಚ್ಚಿನ ಪಿನ್ ಕೀಳುತ್ತೆ, ಟ್ರೇಲರಿನದೇ ಪುಟ್ಟ ಬ್ಯಾಟರಿಯಿಂದ ಬ್ರೇಕ್ ಬೀಳುತ್ತೆ. ಕಂಟ್ರೋಲರ್ ಆರಿಸೋಕೆ ವಾರಗಟ್ಟಲೆ ಓದುವವರೂ ಈ ಬ್ಯಾಟರಿಯಲ್ಲಿ ಚಾರ್ಜ್ ಇದೆಯಾ ಅಂತ ನೋಡೋದು ಮರೀತಾರೆ. ಹೊರಡೋ ಮುಂಚೆ ದಯವಿಟ್ಟು ನೋಡಿ.

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗೋದನ್ನು ನೀವೂ ನೋಡಿರ್ತೀರಿ. ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕೇ ಇರೋದಿಲ್ಲ. ಏರಿನಲ್ಲಿ ನಿಂತರೆ ಒಬ್ಬ ಕೆಳಗೆ ಜಿಗಿದು ಚಕ್ರಕ್ಕೆ ಕಲ್ಲು ಕೊಡ್ತಾನೆ. ಅರ್ಮಾದಲ್ಲೂ ಕೊಟ್ಟಿದ್ದು ಕಲ್ಲನ್ನೇ.