ಮೀನುಬಾಲದ ಈಜು

ಮತ್ಸ್ಯಕನ್ಯೆಯ ಬಾಲ ತೊಟ್ಟು ಈಜುವುದು ಇಂದು ಹಲವು ದೇಶಗಳ ಈಜುಕೊಳಗಳಲ್ಲಿ ಮೋಜಿನ ವ್ಯಾಯಾಮವಾಗಿ ಬಳಕೆಗೆ ಬಂದಿದೆ. ಎರಡೂ ಕಾಲುಗಳನ್ನು ಚೀಲದಂಥ ಬಾಲದೊಳಗೆ ಸೇರಿಸಿ, ಪಾದಗಳಿಗೆ ಅಗಲವಾದ ಒಂದೇ ರೆಕ್ಕೆ ತೊಡಿಸಿ, ಇಡೀ ಮೈಯನ್ನು ಅಲೆಯಂತೆ ಬಳುಕಿಸುತ್ತ ಮುಂದೆ ಸಾಗಬೇಕು. ಕಥೆಗಳ ಮತ್ಸ್ಯಕನ್ಯೆ ಬಹಳ ಹಳಬಳು. ಆದರೆ ಆ ವೇಷದಲ್ಲಿ ನಿಜವಾಗಿ ಈಜಿದವರ ಇತಿಹಾಸಕ್ಕೆ ನೂರಿಪ್ಪತ್ತು ವರ್ಷಗಳಷ್ಟೇ ವಯಸ್ಸು. ಅದು ಶುರುವಾದದ್ದು ಬಲವಿಲ್ಲದ ಒಂದು ಜೊತೆ ಕಾಲುಗಳಿಂದ.

ಆನೆಟ್ ಕೆಲ್ಲರ್‌ಮನ್ 1886ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿದರು. ತಂದೆ ಪಿಟೀಲು ವಾದಕ, ತಾಯಿ ಪಿಯಾನೋ ವಾದಕಿ. ಮಗುವಿನ ಕಾಲುಗಳಲ್ಲಿ ಶಕ್ತಿಯಿರಲಿಲ್ಲ. ನೋವು ಕೊಡುವ ಉಕ್ಕಿನ ಪಟ್ಟಿಗಳನ್ನು ಕಟ್ಟಿಕೊಂಡೇ ನಡೆಯಬೇಕಿತ್ತು. ಕಾಲು ಗಟ್ಟಿಯಾಗಲೆಂದು ಅವರನ್ನು ಈಜಿಗೆ ಹಾಕಲಾಯಿತು. ಹದಿಮೂರರ ಹೊತ್ತಿಗೆ ಕಾಲುಗಳು ಬಹುಮಟ್ಟಿಗೆ ಸರಿಹೋದವು. 1902ರಲ್ಲಿ ಅವರು ನ್ಯೂ ಸೌತ್ ವೇಲ್ಸ್‌ನ ನೂರು ಗಜ ಮತ್ತು ಒಂದು ಮೈಲಿಯ ಸ್ಪರ್ಧೆಗಳನ್ನು ಗೆದ್ದರು. ಅದರ ಬೆನ್ನಿಗೇ ಮೆಲ್ಬರ್ನ್‌ನಲ್ಲಿ ಮತ್ಸ್ಯಕನ್ಯೆಯ ಪ್ರದರ್ಶನ ಕೊಟ್ಟರು. ಅಲ್ಲಿನ ಮತ್ಸ್ಯಾಲಯದ ಗಾಜಿನ ತೊಟ್ಟಿಯಲ್ಲಿ ಮೀನುಗಳ ನಡುವೆ ದಿನಕ್ಕೆ ಎರಡು ಬಾರಿ ಈಜಿದರು. 1905ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಮೂರು ಸಲ ಇಳಿದರೂ ಆಚೆ ದಡ ಸಿಗಲಿಲ್ಲ. ಮುಂದೆ ಅಮೆರಿಕಕ್ಕೆ ಹೋಗಿ, 1911ರ ‘ದಿ ಮರ್ಮೇಡ್’ ಎಂಬ ಮೂಕಿಚಿತ್ರದಲ್ಲಿ ಈಜಲು ಬರುವಂಥ ಬಾಲ ತೊಟ್ಟು ಕಾಣಿಸಿಕೊಂಡರು. 1914ರ ‘ನೆಪ್ಚೂನ್ಸ್ ಡಾಟರ್’ ಚಿತ್ರೀಕರಣದಲ್ಲಿ ನೀರಿನ ಗಾಜಿನ ತೊಟ್ಟಿಯೇ ಒಡೆದು ಅವರಿಗೂ ನಿರ್ದೇಶಕರಿಗೂ ಗಾಯಗಳಾದವು.

ಚಿತ್ರಗಳಿಗಿಂತ ದೊಡ್ಡದು ಕೆಲ್ಲರ್‌ಮನ್ ಪಟ್ಟುಹಿಡಿದು ಸಾರಿದ ಮಾತು: ಈಜು ಹೆಂಗಸರ ಮೈಗೆ ಎಲ್ಲಕ್ಕಿಂತ ಒಳ್ಳೆಯ ವ್ಯಾಯಾಮ. ಆಗ ಹೆಂಗಸರು ಮೈತುಂಬ ಬಟ್ಟೆ, ಉದ್ದನೆಯ ಕಾಲುಚೀಲ ತೊಟ್ಟು ನೀರಿಗಿಳಿಯುತ್ತಿದ್ದರು. ನೀರು ಕುಡಿದ ಆ ಬಟ್ಟೆಯ ಭಾರದಲ್ಲಿ ಕೈಕಾಲು ಆಡಿಸುವುದೇ ಕಷ್ಟ. ಕೆಲ್ಲರ್‌ಮನ್ ಮೈಗೊಪ್ಪುವ ಒಂದೇ ತುಂಡಿನ ಉಡುಪನ್ನು ತೊಟ್ಟು ಅದನ್ನೇ ಎತ್ತಿಹಿಡಿದರು. 1918ರಲ್ಲಿ ಈಜು ಕಲಿಸುವ ಪುಸ್ತಕ ಬರೆದರು. ಬಾಲದ ಈಜನ್ನು ಬರಿಯ ವೇಷವೆಂದು ತಳ್ಳಿಹಾಕುವವರು ಈ ಮೂಲವನ್ನು ನೆನೆಯಬೇಕು.

ಮತ್ಸ್ಯಕನ್ಯೆ ಈಜಿನ ಎರಡನೆಯ ನೆಲೆ ಅಮೆರಿಕದ ಫ್ಲಾರಿಡಾದ ವೀಕಿ ವಾಚಿ ಬುಗ್ಗೆ. ನೌಕಾಪಡೆಯವರಿಗೆ ಈಜು ಕಲಿಸಿದ್ದ ನ್ಯೂಟನ್ ಪೆರಿ 1947ರ ಅಕ್ಟೋಬರ್ 13ರಂದು ಅಲ್ಲಿ ನೀರಿನೊಳಗಿನ ರಂಗಮಂದಿರ ತೆರೆದರು. ಸುಣ್ಣಕಲ್ಲಿನ ದಡವನ್ನು ಕೊರೆದು ಕಟ್ಟಿದ ಆ ಕೋಣೆಯಲ್ಲಿ ಮೊದಲಿಗೆ ಹದಿನೆಂಟು ಆಸನಗಳಿದ್ದವು; ಪ್ರೇಕ್ಷಕರು ನೀರಿನ ಮಟ್ಟಕ್ಕಿಂತ ಕೆಳಗೆ ಕುಳಿತು, ಗಾಜಿನಾಚೆ ಮತ್ಸ್ಯಕನ್ಯೆಯರಾಗಿ ಈಜುವ ಹುಡುಗಿಯರನ್ನು ನೋಡುತ್ತಿದ್ದರು. ಹೆದ್ದಾರಿಯಲ್ಲಿ ಕಾರಿನ ಸದ್ದು ಕೇಳಿದರೆ ಈ ಹುಡುಗಿಯರು ಈಜುಡುಪಿನಲ್ಲೇ ರಸ್ತೆಗೆ ಓಡಿ ಕೈಬೀಸಿ ಕರೆಯುತ್ತಿದ್ದರಂತೆ. ಕೆಲಸ ಮಾತ್ರ ಸುಲಭದ್ದಲ್ಲ. ಬುಗ್ಗೆಯ ನೀರು ವರ್ಷವಿಡೀ ಸುಮಾರು 23 ಡಿಗ್ರಿ ಸೆಲ್ಸಿಯಸ್. ಅರ್ಧ ಗಂಟೆ ಇದ್ದರೆ ಚಳಿ ಮೂಳೆಗೆ ಇಳಿಯುತ್ತದೆ. ಸೆಳೆತವೂ ಇದೆ. ಕನ್ನಡಕವಿಲ್ಲದೆ ಕಣ್ಣು ಬಿಟ್ಟು, ಮಸುಕಾಗಿ ಕಾಣುವ ಗಾಜಿನತ್ತ ನಗುತ್ತ, ಪಕ್ಕದ ರಬ್ಬರ್ ಕೊಳವೆಯಿಂದ ಗಾಳಿ ಎಳೆದುಕೊಂಡು ಮತ್ತೆ ಕೊಳವೆ ಬಿಡಬೇಕು. ಉಸಿರು ಹೆಚ್ಚು ತುಂಬಿದರೆ ಮೈ ಮೇಲೇಳುತ್ತದೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಒಂದೇ ಮಟ್ಟದಲ್ಲಿ ನಿಲ್ಲುವುದೆಲ್ಲ ಶ್ವಾಸಕೋಶದ ಅಳತೆ. 2008ರಿಂದ ಈ ತಾಣ ಸರ್ಕಾರಿ ಉದ್ಯಾನವಾಗಿದೆ, ಪ್ರದರ್ಶನ ನಿಂತಿಲ್ಲ.

ಈಗಿನ ವ್ಯಾಯಾಮಕ್ಕೆ ಬೇಕಾದ ಚಲನೆ ಬಂದದ್ದು ಬೇರೆ ದಾರಿಯಿಂದ. 1930ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತರಬೇತುದಾರ ಡೇವಿಡ್ ಆರ್ಮ್‌ಬ್ರಸ್ಟರ್ ಮತ್ತು ಈಜುಗಾರ ಜ್ಯಾಕ್ ಸೀಗ್ ಎರಡೂ ಕಾಲು ಜೋಡಿಸಿ ಮೀನಿನಂತೆ ಬಡಿಯುವ ಡಾಲ್ಫಿನ್ ಕಿಕ್ ಅನ್ನು ರೂಪಿಸಿದರು. ಅದು ಬಟರ್‌ಫ್ಲೈ ಈಜಿನ ಭಾಗವಾಗಿ 1956ರಲ್ಲಿ ಒಲಿಂಪಿಕ್ಸ್‌ಗೆ ಬಂತು, ಅದೂ ಕೆಲ್ಲರ್‌ಮನ್ ಮೀನುಗಳ ಜೊತೆ ಈಜಿದ್ದ ಮೆಲ್ಬರ್ನ್‌ನಲ್ಲೇ. 1970ರ ದಶಕದಲ್ಲಿ ಸೋವಿಯತ್ ಈಜುಗಾರರು ಎರಡೂ ಪಾದ ಹಿಡಿಯುವ ಒಂಟಿ ರೆಕ್ಕೆ, ಅಂದರೆ ಮಾನೋಫಿನ್ ಅನ್ನು ಸ್ಪರ್ಧೆಗಿಳಿಸಿದರು. ಮತ್ಸ್ಯಕನ್ಯೆಯ ಕಥೆ ಹೇಳುವ 1984ರ ‘ಸ್ಪ್ಲ್ಯಾಶ್’ ಚಿತ್ರದ ಬಾಲ, ಅಂಥದ್ದನ್ನು ತೊಡುವ ಆಸೆ ಹುಟ್ಟಿಸಿತು. ಮಾನೋಫಿನ್ ಮೇಲೆ ಹಿಗ್ಗುವ ಬಟ್ಟೆಯ ತೆಳು ಬಾಲ ಎಳೆದುಕೊಳ್ಳುವ ಉಪಾಯ ಅದನ್ನು ಸಾಮಾನ್ಯರ ಕೈಗೆಟುಕಿಸಿತು. ಪ್ರದರ್ಶನದ ಸಿಲಿಕೋನ್ ಬಾಲಗಳಾದರೋ 15 ಕೆಜಿ ದಾಟುವುದುಂಟು.

2010ರ ದಶಕದಲ್ಲಿ ಫಿಲಿಪೀನ್ಸ್, ಯುರೋಪ್, ಅಮೆರಿಕಗಳಲ್ಲಿ ತರಗತಿಗಳು ಹುಟ್ಟಿದವು. 2020ರಲ್ಲಿ ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆಯೂ ಮತ್ಸ್ಯಕನ್ಯೆ ಈಜಿಗೆ ಪ್ರಮಾಣಪತ್ರ ಕೊಡಲಾರಂಭಿಸಿತು. ಹೊಸಬರು ಮಾಡುವ ತಪ್ಪು ಒಂದೇ: ಮೊಣಕಾಲು ಮಡಚಿ ಒದೆಯುವುದು. ಹಾಗೆ ಒದ್ದರೆ ನೀರು ಚಿಮ್ಮುತ್ತದೆಯೇ ಹೊರತು ಮೈ ಸಾಗುವುದಿಲ್ಲ. ಕೈಗಳನ್ನು ಮುಂದೆ ಚಾಚಿ, ಎದೆಯಿಂದ ಎದ್ದ ಅಲೆಯನ್ನು ಹೊಟ್ಟೆ, ಸೊಂಟ, ತೊಡೆಗಳ ಮೂಲಕ ಬಾಲದ ತುದಿಗೆ ಕಳಿಸಬೇಕು. ನಾಲ್ಕು ಸುತ್ತಿಗೇ ಕಿಬ್ಬೊಟ್ಟೆ ಬಿಗಿದು ನೋಯುತ್ತದೆ. ಕೀಲುಗಳ ಮೇಲೆ ಮಾತ್ರ ಮೈಭಾರ ಬೀಳುವುದಿಲ್ಲ.

ಕಾಲು ಕಟ್ಟಿಕೊಂಡು ನೀರಿಗಿಳಿಯುವುದರಲ್ಲಿ ಅಪಾಯವಿದೆ. ಬಾಲವಿಲ್ಲದೆ ಚೆನ್ನಾಗಿ ಈಜಬಲ್ಲವರೇ ಇಳಿಯಬೇಕು, ಒಬ್ಬರೇ ಇಳಿಯಬಾರದು. ಮುಳುಗುವ ಮುನ್ನ ಬೇಗಬೇಗ ಉಸಿರಾಡಿದರೆ ನೀರೊಳಗೆ ಸುಳಿವಿಲ್ಲದೆ ಪ್ರಜ್ಞೆ ತಪ್ಪಬಹುದು. ಮಕ್ಕಳ ವಿಷಯದಲ್ಲಿ ಈ ಭಯದಿಂದಲೇ ಕೆಲವು ಊರುಗಳ ಕೊಳಗಳಲ್ಲಿ ಬಾಲವನ್ನು ನಿಷೇಧಿಸಲಾಗಿದೆ. ಒಳ್ಳೆಯ ತರಬೇತುದಾರರು ಈಜಿಗೂ ಮೊದಲು ನೀರಿನಲ್ಲೇ ಹಿಮ್ಮಡಿ ಬಿಡಿಸಿಕೊಂಡು ಬಾಲ ಕಳಚುವುದನ್ನು ಕಲಿಸುತ್ತಾರೆ.