ಯಾರು ಯಾರೆಂದು ಗೊತ್ತಿಲ್ಲದ ಪ್ರಕರಣ

1888ರ ಆಗಸ್ಟ್ 31ರ ನಸುಕಿನಲ್ಲಿ ಪೂರ್ವ ಲಂಡನ್ನಿನ ಬಕ್ಸ್ ರೋ ಎಂಬ ಓಣಿಯಲ್ಲಿ ಕುತ್ತಿಗೆ ಕೊಯ್ದ ಹೆಂಗಸೊಬ್ಬಳ ಹೆಣ ಬಿದ್ದಿತ್ತು. ಯಾರೆಂದು ಹೇಳುವವರಿಲ್ಲ. ಶವಾಗಾರದಲ್ಲಿ ನೋಡಿದಾಗ ಒಳಲಂಗದ ಪಟ್ಟಿಯ ಮೇಲೆ ‘ಲ್ಯಾಂಬೆತ್ ವರ್ಕ್‌ಹೌಸ್’ ಎಂಬ ಅಚ್ಚು ಕಂಡಿತು. ವರ್ಕ್‌ಹೌಸ್ ಎಂದರೆ ಗತಿಗೆಟ್ಟವರಿಗೆ ಗಂಜಿ, ಹಾಸಿಗೆ ಕೊಟ್ಟು ದುಡಿಸಿಕೊಳ್ಳುತ್ತಿದ್ದ ಜಾಗ. ಅಲ್ಲಿಂದ ಬಂದ ಹೆಂಗಸೊಬ್ಬಳು ಹೆಣ ನೋಡಿ, ಇವಳು ಪಾಲಿ ನಿಕಲ್ಸ್ ಎಂದಳು. ವಯಸ್ಸು 43. ಬಾಡಿಗೆ ಹಾಸಿಗೆಗೆ ಕೊಡಲು ನಾಲ್ಕು ಪೆನ್ಸ್ ಇಲ್ಲದೆ ಆ ರಾತ್ರಿ ಬೀದಿಗೆ ಬಿದ್ದಿದ್ದಳು.

ನಾನು ಬೆರಳು ಮುದ್ರೆ ಘಟಕದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಸಿ ಹಚ್ಚಿದ ಗಾಜು, ರೋಲರು, ಪುಡಿ, ಕುಂಚ, ಭೂತಗನ್ನಡಿ ಇವುಗಳ ನಡುವೆಯೇ ನನ್ನ ಸರ್ವಿಸು ಮುಗಿಯಿತು. ಹೀಗಾಗಿ ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂತಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ‘ಸಾರ್, ಆ ಜ್ಯಾಕ್ ದಿ ರಿಪ್ಪರ್ ಕೊನೆಗೂ ಯಾರು?’ ಕೇಳುವವರಿಗೆ ರಾಜಕುಮಾರನೋ, ಅರಮನೆಯ ವೈದ್ಯನೋ ಬೇಕು. ನನ್ನ ಹತ್ತಿರ ಅಂಥವರು ಯಾರೂ ಇಲ್ಲ. ಆದರೆ ಆ ಪ್ರಕರಣವನ್ನು ನನ್ನ ಕಸುಬಿನ ಕಣ್ಣಿನಿಂದ ಓದುತ್ತ ಹೋದರೆ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಕೊಂದವನ ಗುರುತಷ್ಟೇ ಕಳೆದುಹೋಗಿರಲಿಲ್ಲ. ಸತ್ತವರು, ಸಾಕ್ಷಿ ಹೇಳಲು ಬಂದವರು, ಕೊನೆಗೆ ಪೊಲೀಸರೇ ಶಂಕಿತರೆಂದು ಬರೆದಿಟ್ಟವರು, ಇವರಲ್ಲಿ ಯಾರು ಯಾರೆಂದು ಖಚಿತವಾಗಿ ಹೇಳುವ ಸಾಧನವೇ ಇಲಾಖೆಯ ಕೈಯಲ್ಲಿ ಇರಲಿಲ್ಲ.

ಪಾಲಿಯ ಬಳಿಕ ಸೆಪ್ಟೆಂಬರ್ 8ರಂದು ಆನಿ ಚಾಪ್ಮನ್ ಕೊಲೆಯಾದಳು. ಆ ತಿಂಗಳ 30ರ ಒಂದೇ ರಾತ್ರಿ ಇನ್ನಿಬ್ಬರು. ಎಲಿಝಬೆತ್ ಸ್ಟ್ರೈಡ್‌ಳ ಹೆಣ ಬರ್ನರ್ ಸ್ಟ್ರೀಟಿನ ಅಂಗಳವೊಂದರಲ್ಲಿ ಸಿಕ್ಕಿದ್ದು ರಾತ್ರಿ ಒಂದರ ಹೊತ್ತಿಗೆ. ಅದನ್ನು ನೋಡಲು ಬಂದ ಹೆಂಗಸೊಬ್ಬಳು ‘ಇವಳು ನನ್ನ ತಂಗಿ’ ಎಂದು ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳಿದಳು. ಕೆಲವೇ ವಾರಗಳಲ್ಲಿ ಆ ತಂಗಿ ಜೀವಂತವಾಗಿ ಬಂದು ನಿಂತಳು! ಮುಖ ನೋಡಿ ಗುರುತು ಹಿಡಿಯುವುದರ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ. ದುಃಖದಲ್ಲಿರುವವರಿಗೆ ಕಾಣಬೇಕಾದದ್ದೇ ಕಾಣುತ್ತದೆ.

ಅದೇ ರಾತ್ರಿಯ ಎರಡನೆಯವಳು ಕ್ಯಾಥರೀನ್ ಎಡೋಸ್. ಕುಡಿದು ಬಿದ್ದಿದ್ದಳೆಂದು ಸಂಜೆಯೇ ಪೊಲೀಸರು ಅವಳನ್ನು ಬಿಷಪ್ಸ್‌ಗೇಟ್ ಠಾಣೆಗೆ ಹಾಕಿದ್ದರು. ಹೆಸರು ಕೇಳಿದರೆ ‘ಏನೂ ಇಲ್ಲ’ ಎಂದಿದ್ದಳು. ನಶೆ ಇಳಿದು, ರಾತ್ರಿ ಒಂದರ ಸುಮಾರಿಗೆ ಬಿಡುವಾಗ ಮೇರಿ ಆ್ಯನ್ ಕೆಲ್ಲಿ ಎಂದು ಬರೆಸಿದಳು, ಒಂದು ವಿಳಾಸವನ್ನೂ ಕೊಟ್ಟಳು. ಎರಡೂ ಸುಳ್ಳು. ಠಾಣೆಯವರು ಅದನ್ನೇ ಬರೆದುಕೊಂಡು ಕಳಿಸಿದರು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮೈಟರ್ ಸ್ಕ್ವೇರ್‌ನಲ್ಲಿ ಅವಳ ಹೆಣ ಸಿಕ್ಕಿತು. ಪೊಲೀಸರ ವಶದಲ್ಲಿ ಗಂಟೆಗಟ್ಟಲೆ ಇದ್ದವಳು ಅವರ ಪುಸ್ತಕದಲ್ಲಿ ಇನ್ಯಾರೋ ಆಗಿ ಉಳಿದಳು. ನಮ್ಮ ಕಾಲದಲ್ಲಿ ದಸ್ತಗಿರಿಯಾದ ಪ್ರತಿಯೊಬ್ಬನ ಹತ್ತೂ ಬೆರಳು ಚೀಟಿಯ ಮೇಲೆ ಉರುಳುತ್ತಿದ್ದುದು ಸುಮ್ಮನೆ ಅಲ್ಲ. ಹೆಸರು ಬಾಯಿಂದ ಬರುವಂಥದ್ದು, ಬಾಯಿ ಏನು ಬೇಕಾದರೂ ಹೇಳೀತು.

ಮೈಟರ್ ಸ್ಕ್ವೇರ್ ಇದ್ದದ್ದು ‘ಸಿಟಿ’ ಎಂಬ ಹಳೆಯ ನಗರದ ಗಡಿಯೊಳಗೆ. ಅಲ್ಲಿಗೆ ಬೇರೆಯೇ ಪೊಲೀಸ್ ಪಡೆ. ಉಳಿದ ಕೊಲೆಗಳು ನಡೆದ ವೈಟ್‌ಚಾಪೆಲ್ ಸುತ್ತಿನ ಪ್ರದೇಶ ಮೆಟ್ರೊಪಾಲಿಟನ್ ಪೊಲೀಸರದು. ನಮ್ಮಲ್ಲಿ ಹೆಣ ಈ ಠಾಣೆಗೆ ಸೇರಿದ್ದೋ ಆ ಠಾಣೆಗೋ ಎಂದು ಸರಹದ್ದಿನ ಕಲ್ಲು ಹುಡುಕುವುದನ್ನು ಕಂಡವನಿಗೆ ಮುಂದಿನದು ಹೊಸದೆನಿಸುವುದಿಲ್ಲ. ರಾತ್ರಿ ಮೂರಕ್ಕೆ ಐದು ನಿಮಿಷ ಇರುವಾಗ ಗೌಲ್ಸ್ಟನ್ ಸ್ಟ್ರೀಟಿನ ಬಾಗಿಲೊಂದರ ಬಳಿ ರಕ್ತ ಹತ್ತಿದ ಬಟ್ಟೆಯ ಚೂರು ಸಿಕ್ಕಿತು. ಅದು ಎಡೋಸ್‌ಳ ಏಪ್ರನ್ನಿನದೇ. ಇಡೀ ಪ್ರಕರಣದಲ್ಲಿ ಕೊಲೆಗಾರ ಯಾವ ದಿಕ್ಕಿಗೆ ಹೋದನೆಂದು ತೋರಿಸಿದ ವಸ್ತು ಅದೊಂದೇ. ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದ ಬರಹವಿತ್ತು, ಅದರಲ್ಲಿ ಯಹೂದಿಗಳ ಮಾತಿತ್ತು. ಸಿಟಿ ಪೊಲೀಸರು ಬೆಳಕಾಗಲಿ, ಫೋಟೊ ತೆಗೆಯೋಣ ಎಂದರು. ಆದರೆ ಆ ಜಾಗ ಮೆಟ್ರೊಪಾಲಿಟನ್ನವರದು. ಆ ಪಡೆಯ ಕಮಿಷನರ್ ಸರ್ ಚಾರ್ಲ್ಸ್ ವಾರನ್ ಖುದ್ದಾಗಿ ಬಂದು, ಜನ ನೋಡಿದರೆ ಯಹೂದಿಗಳ ಮೇಲೆ ದಂಗೆಯಾದೀತೆಂದು ಅಳಿಸಿಹಾಕಿಸಿದ. ಅವನ ಭಯ ಸುಳ್ಳಲ್ಲ. ಆ ತಿಂಗಳ ಆರಂಭದಲ್ಲೇ ‘ಲೆದರ್ ಏಪ್ರನ್’ ಎಂಬ ಅಡ್ಡಹೆಸರಿನ ಯಹೂದಿ ಚಮ್ಮಾರನೊಬ್ಬನ ಮೇಲೆ ಊರೇ ತಿರುಗಿಬಿದ್ದಿತ್ತು, ಅವನು ನಿರಪರಾಧಿ ಎಂದು ಆಮೇಲೆ ಗೊತ್ತಾಯಿತು. ಆದರೂ ಒಂದು ಬಟ್ಟೆ ಮುಚ್ಚಿ, ನಾಲ್ಕು ಪೇದೆಗಳನ್ನು ನಿಲ್ಲಿಸಿದ್ದರೆ ಆಗುತ್ತಿತ್ತು. ಬರಹ ಕೊಲೆಗಾರನದೇ ಆಗಿರಲಿಕ್ಕಿಲ್ಲ, ಅದು ಬೇರೆ ಮಾತು. ನೋಡಿ ತಳ್ಳಿಹಾಕುವುದಕ್ಕೂ ಅದು ಇರಬೇಕಿತ್ತಲ್ಲ.

ಪೊಲೀಸರು ಕೈಕಟ್ಟಿ ಕೂತಿದ್ದರು ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಕ್ಟೋಬರ್ 19ರಂದು ಮುಖ್ಯ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್ ಸಲ್ಲಿಸಿದ ವರದಿಯ ಪ್ರಕಾರ 80,000 ಕರಪತ್ರ ಹಂಚಿದ್ದರು. ಮನೆಮನೆ ತಟ್ಟಿದ್ದರು. ಬಾಡಿಗೆ ಹಾಸಿಗೆಯ ಮನೆಗಳಲ್ಲಿ 2,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. 76 ಕಸಾಯಿಗಳನ್ನು ವಿಚಾರಿಸಿದ್ದರು. ಸುಮಾರು 300 ಜನರ ಬೆನ್ನುಹತ್ತಿ, 80 ಜನರನ್ನು ಹಿಡಿದು ಬಿಟ್ಟಿದ್ದರು. ದುಡಿಮೆಗೆ ಕೊರತೆಯಿರಲಿಲ್ಲ. ಆದರೆ ಆ 80 ಜನರಲ್ಲಿ ಒಬ್ಬನು ಮುಂದಿನ ತಿಂಗಳು ಬೇರೆ ಹೆಸರಿನಲ್ಲಿ ಬೇರೆ ಠಾಣೆಗೆ ಬಂದರೆ? ಅವನೇ ಇವನು ಎಂದು ಹೇಳಲು ಯಾವುದಾದರೊಬ್ಬ ಪೇದೆಯ ನೆನಪೇ ಗತಿ.

‘ಜ್ಯಾಕ್ ದಿ ರಿಪ್ಪರ್’ ಎಂಬ ಹೆಸರೂ ಒಂದು ಅನಾಮಧೇಯ ಪತ್ರದಿಂದ ಬಂದದ್ದು. ಕೆಂಪು ಶಾಯಿಯಲ್ಲಿ ಬರೆದು ಸೆಂಟ್ರಲ್ ನ್ಯೂಸ್ ಎಂಬ ಸುದ್ದಿಸಂಸ್ಥೆಗೆ ಕಳಿಸಿದ್ದು. ಪತ್ರಕರ್ತನೊಬ್ಬನ ಕೈಚಳಕವೆಂದು ಹಿರಿಯ ಅಧಿಕಾರಿಗಳೇ ಆಮೇಲೆ ನಂಬಿದ್ದರು. ಕೊಲೆಗಾರನಿಗಿಂತ ಮೊದಲು ಅವನ ಹೆಸರು ತಯಾರಾಗಿತ್ತು ಎಂದರೂ ತಪ್ಪಿಲ್ಲ.

ನವೆಂಬರ್ 9. ಡಾರ್ಸೆಟ್ ಸ್ಟ್ರೀಟಿನ ಮಿಲ್ಲರ್ಸ್ ಕೋರ್ಟ್, 13ನೇ ನಂಬರಿನ ಒಂಟಿ ಕೋಣೆ. ಬಾಡಿಗೆ ಬಾಕಿ ಕೇಳಲು ಹೋದವನು ಒಡೆದ ಕಿಟಕಿಯ ಗಾಜಿನಿಂದ ಇಣುಕಿ ನೋಡಿ ಓಡಿಬಂದ. ಒಳಗೆ ಮೇರಿ ಜೇನ್ ಕೆಲ್ಲಿಯ ದೇಹದ ಸ್ಥಿತಿಯನ್ನು ನಾನು ವಿವರಿಸುವುದಿಲ್ಲ, ಆ ಕೆಲಸ ಮಾಡಿದ ಪುಸ್ತಕಗಳು ಬೇಕಾದಷ್ಟಿವೆ. ಉಳಿದ ನಾಲ್ಕೂ ಬಯಲಿನಲ್ಲಿ ನಡೆದವು. ಇದೊಂದೇ ಮುಚ್ಚಿದ ಕೋಣೆ. ಕೊಂದವನಿಗೆ ಇಲ್ಲಿ ಹೊತ್ತು ಸಿಕ್ಕಿದೆ. ಕೈ ತುಂಬ ರಕ್ತವಾಗಿದೆ. ಹಾಸಿಗೆಯ ಪಕ್ಕ ಮೇಜಿದೆ, ಬಾಗಿಲ ಹಿಡಿಯಿದೆ, ಕಿಟಕಿಯ ಗಾಜಿದೆ. ಇಂಥ ಕೋಣೆಯೊಳಗೆ ಹೋದ ನನ್ನಂಥವನು ಮೊದಲ ಅರ್ಧ ಗಂಟೆ ಏನನ್ನೂ ಮುಟ್ಟದೆ ಸುಮ್ಮನೆ ಟಾರ್ಚು ಓರೆಯಾಗಿ ಹಿಡಿದು ನೋಡುತ್ತಾನೆ. ಗಾಜಿನ ಮೇಲಿನ ಬೆವರಿನ ಗುರುತು ಎದುರಿನಿಂದ ಕಾಣುವುದಿಲ್ಲ, ಓರೆ ಬೆಳಕಿಗೆ ಏಳುತ್ತದೆ. ರಕ್ತದ ಗುರುತಿಗೆ ಪುಡಿಯೂ ಬೇಡ, ಕ್ಯಾಮೆರಾ ಸಾಕು.

ಅಲ್ಲಿ ನಡೆದದ್ದೇನು? ಪೊಲೀಸರು ಬಾಗಿಲು ತೆಗೆಯದೆ ಎರಡು ಗಂಟೆಗೂ ಹೆಚ್ಚು ಹೊರಗೇ ಕಾದರು. ನಾಯಿಗಳಿಗಾಗಿ. ಬಾರ್ನಬಿ, ಬರ್ಗೊ ಎಂಬ ಎರಡು ಬ್ಲಡ್‌ಹೌಂಡ್‌ಗಳನ್ನು ಹಿಂದಿನ ತಿಂಗಳು ತರಿಸಿ ಉದ್ಯಾನದಲ್ಲಿ ಪರೀಕ್ಷಿಸಿದ್ದರು, ವಾರನ್ ತಾನೇ ಬೇಟೆಯಾಗಿ ಓಡಿದ್ದ. ಈಗ ನಾಯಿಗಳು ಊರಲ್ಲೇ ಇಲ್ಲ ಎಂಬುದು ಬಾಗಿಲ ಮುಂದೆ ನಿಂತವರಿಗೆ ಗೊತ್ತಿರಲಿಲ್ಲ. ವಾರನ್ ಹಿಂದಿನ ದಿನವೇ ರಾಜೀನಾಮೆ ಕೊಟ್ಟಿದ್ದ. ಕೊನೆಗೆ ಮಧ್ಯಾಹ್ನ ಒಂದೂವರೆಗೆ ಬಾಗಿಲು ಒಡೆದರು. ಒಂದು ಮೆಚ್ಚುಗೆಯ ಮಾತನ್ನು ಹೇಳಲೇಬೇಕು: ಕೋಣೆಯಲ್ಲಿ ದೇಹ ಇದ್ದ ಹಾಗೆಯೇ ಫೋಟೊ ತೆಗೆಸಿದರು. ಆ ಕಾಲಕ್ಕೆ ಅದು ದೊಡ್ಡದು.

ಬೆರಳಿನ ಗುರುತು ಆಗ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅದೂ ಬಂಗಾಳದಲ್ಲಿ. 1858ರಲ್ಲಿ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಐಸಿಎಸ್ ಅಧಿಕಾರಿ, ರಸ್ತೆಗೆ ಜಲ್ಲಿ ಸರಬರಾಜು ಮಾಡುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಕರಾರು ಪತ್ರದ ಮೇಲೆ ಅವನ ಇಡೀ ಅಂಗೈಯನ್ನು ಒತ್ತಿಸಿಕೊಂಡ. ನಾಳೆ ನಾನಲ್ಲ ಎನ್ನದಿರಲಿ ಎಂದು. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರಿಗೂ ಪತ್ರ ನೋಂದಣಿಗೂ ಬೆರಳೊತ್ತುವ ಪದ್ಧತಿ ಹಾಕಿದ. ಜೈಲುಗಳಲ್ಲೂ ಮಾಡೋಣ ಎಂದು ಮೇಲಿನವರಿಗೆ ಬರೆದ. ಮೇಲಿನವರು ಕಾಗದವನ್ನು ಮೇಲೆಯೇ ಇಟ್ಟುಕೊಂಡರು. 1880ರಲ್ಲಿ ಜಪಾನಿನಲ್ಲಿದ್ದ ಹೆನ್ರಿ ಫೋಲ್ಡ್ಸ್ ಎಂಬ ವೈದ್ಯ, ಬೆರಳ ಗುರುತಿನಿಂದ ಅಪರಾಧಿಗಳನ್ನು ಹಿಡಿಯಬಹುದೆಂದು ‘ನೇಚರ್’ ಪತ್ರಿಕೆಯಲ್ಲೇ ಬರೆದ. ತಾಯ್ನಾಡಿಗೆ ಮರಳಿದ ಮೇಲೆ ಮೆಟ್ರೊಪಾಲಿಟನ್ ಪೊಲೀಸರ ಮುಖ್ಯ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡಿಗೂ ಹೇಳಿದ. ಯಾರ್ಡ್ ಕಿವಿಗೊಡಲಿಲ್ಲ.

ಇದರಲ್ಲಿ ನನಗೆ ಹೆಚ್ಚು ಚುಚ್ಚುವುದು ಇನ್ನೊಂದು. 1888ರಲ್ಲಿ ಯಾರ್ಡಿನ ಪತ್ತೆದಾರಿ ವಿಭಾಗದ ಮೇಲಿದ್ದು, ಆಗಸ್ಟಿನಲ್ಲಿ ವಾರನ್ ಜೊತೆ ಜಗಳವಾಡಿ ಬಿಟ್ಟು, ವಾರನ್ ಹೋದ ಮೇಲೆ ತಾನೇ ಕಮಿಷನರ್ ಆದ ಜೇಮ್ಸ್ ಮನ್ರೊ ಯಾರು? 1884ರಲ್ಲಿ ಊರಿಗೆ ಮರಳುವವರೆಗೆ ಬಂಗಾಳದ ಪೊಲೀಸ್ ಇನ್‌ಸ್ಪೆಕ್ಟರ್ ಜನರಲ್! ಹರ್ಷೆಲ್ ಬೆರಳೊತ್ತಿಸಿದ ಪ್ರಾಂತ್ಯದ ಪೊಲೀಸ್ ದೊರೆ. ಅವನ ಬಂಗಾಳದ ಗೆಳೆಯ ಮೆಲ್ವಿಲ್ ಮ್ಯಾಕ್ನಾಟನ್, ಅಪ್ಪನ ಎಸ್ಟೇಟು ನೋಡಿಕೊಂಡಿದ್ದವನು. ರೈತರ ಗಲಾಟೆಯಲ್ಲಿ ಏಟು ತಿಂದಾಗ ಮನ್ರೊನ ಪರಿಚಯವಾಗಿತ್ತು. ಹಿಂದೂಗಳ ಕೈಲಿ ಹೊಡೆಸಿಕೊಂಡವನು ಬೇಡ ಎಂದು ವಾರನ್ ತಡೆದಿದ್ದ ಅವನ ಯಾರ್ಡಿನ ನೇಮಕ 1889ರಲ್ಲಿ ಆಯಿತು.

ಈ ಮ್ಯಾಕ್ನಾಟನ್ 1894ರಲ್ಲಿ ಬರೆದ ಟಿಪ್ಪಣಿಯೇ ಇವತ್ತಿನ ರಿಪ್ಪರ್ ಸಾಹಿತ್ಯಕ್ಕೆಲ್ಲ ತಳಪಾಯ. ಐದೇ ಕೊಲೆ ಎಂಬ ಲೆಕ್ಕ ಅದರದ್ದೇ, ಪೊಲೀಸರ ಕಡತದಲ್ಲಿ ಹನ್ನೊಂದಿದ್ದವು. ಮೂವರು ಶಂಕಿತರನ್ನೂ ಅದು ಕೊಟ್ಟಿತು. ಮೊದಲನೆಯವನು ಡ್ರೂಯಿಟ್. 41 ವರ್ಷದ ವೈದ್ಯ ಎಂದು ಬರೆದಿದೆ. ಥೇಮ್ಸ್ ನದಿಯಲ್ಲಿ ಹೆಣವಾಗಿ ಸಿಕ್ಕ ಮಾಂಟೆಗ್ಯೂ ಡ್ರೂಯಿಟ್ 31 ವರ್ಷದ ವಕೀಲ, ಶಾಲಾ ಮೇಷ್ಟ್ರು. ಎರಡನೆಯವನು ಕೋಸ್ಮಿನ್ಸ್ಕಿ, 1889ರ ಮಾರ್ಚಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿದ ಎಂದಿದೆ. ಆಸ್ಪತ್ರೆಯ ದಾಖಲೆಯಲ್ಲಿ ಸಿಗುವ ಏರನ್ ಕೋಸ್ಮಿನ್ಸ್ಕಿ ಸೇರಿದ್ದು 1891ರಲ್ಲಿ. ಮೂರನೆಯವನು ಮೈಕೆಲ್ ಆಸ್ಟ್ರಾಗ್, ಹತ್ತಾರು ಹೆಸರಿನ ವಂಚಕ. ಕೊಲೆಗಳ ಹೊತ್ತಿಗೆ ಅವನು ಎಲ್ಲಿದ್ದನೆಂದು ಕೊನೆಗೂ ಪತ್ತೆಯಾಗಲಿಲ್ಲ ಎಂದು ಟಿಪ್ಪಣಿ ಹೇಳುತ್ತದೆ. ನೂರು ವರ್ಷ ಕಳೆದ ಮೇಲೆ ಸಂಶೋಧಕರು ಪತ್ತೆ ಮಾಡಿದರು: ಅವನು ಬೇರೆ ಹೆಸರಿನಲ್ಲಿ ಫ್ರಾನ್ಸಿನಲ್ಲಿ ಬಂಧಿಯಾಗಿದ್ದ. ಪ್ಯಾರಿಸ್ಸಿನಿಂದ ಲಂಡನ್ನಿಗೆ ಒಂದು ಹತ್ತು ಬೆರಳಿನ ಚೀಟಿ ಬಂದಿದ್ದರೆ ಮೂರರಲ್ಲಿ ಒಂದು ಹೆಸರು ಅವತ್ತೇ ಹೊಡೆದುಹೋಗುತ್ತಿತ್ತು. ಯಾರ್ಡಿನ ಹಿರಿಯನ ಕೈಯಲ್ಲೇ ಮೂರಕ್ಕೆ ಮೂರೂ ಹೀಗೆ ಎಡವಿದ ಮೇಲೆ, ಆ ಟಿಪ್ಪಣಿಯನ್ನು ವೇದದಂತೆ ಓದುವವರನ್ನು ಕಂಡು ನಗು ಬರುತ್ತದೆ.

ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳು ಮುದ್ರೆ ಕಚೇರಿ ತೆರೆಯಿತು. ಮುದ್ರೆ ಸಂಗ್ರಹಿಸುವುದು ದೊಡ್ಡ ವಿದ್ಯೆಯಲ್ಲ. ಲಕ್ಷ ಚೀಟಿಗಳ ನಡುವೆ ಬೇಕಾದ ಒಂದನ್ನು ತೆಗೆಯುವುದು ವಿದ್ಯೆ. ಸುಳಿಯನ್ನು ಎಣಿಕೆಗೆ ತಂದು 1,024 ಗೂಡುಗಳಾಗಿ ವಿಂಗಡಿಸುವ ದಾರಿಯನ್ನು ಕಂಡುಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್‌ಇನ್‌ಸ್ಪೆಕ್ಟರುಗಳು. ಹೆಸರು ಹೋದದ್ದು ಸಾಹೇಬ ಎಡ್ವರ್ಡ್ ಹೆನ್ರಿಗೆ. ನಾನು ಕೆಲಸಕ್ಕೆ ಸೇರಿದಾಗ ಕಲಿತದ್ದೂ ‘ಹೆನ್ರಿ ಪದ್ಧತಿ’ ಎಂದೇ. ಅದೇ ಕಾಲದಲ್ಲಿ ಜಲ್ಪಾಯ್ಗುರಿಯ ಟೀ ತೋಟದ ಮ್ಯಾನೇಜರನ ಕೊಲೆಯಲ್ಲಿ ಪಂಚಾಂಗದ ಮೇಲೆ ರಕ್ತದ ಹೆಬ್ಬೆಟ್ಟು ಸಿಕ್ಕಿ, ಹಳೆಯ ಕಳ್ಳನೊಬ್ಬನ ಚೀಟಿಗೆ ತಾಳೆಯಾಯಿತು. ನ್ಯಾಯಾಲಯ ಕಳವಿಗೆ ಮಾತ್ರ ಶಿಕ್ಷೆ ಕೊಟ್ಟಿತು, ಕೊಲೆ ಸಾಬೀತಾಗಲಿಲ್ಲ ಎಂದಿತು. ಗುರುತು ಅವನು ಅಲ್ಲಿದ್ದ ಎನ್ನುತ್ತದೆ, ಏನು ಮಾಡಿದ ಎನ್ನುವುದಿಲ್ಲ. ಆ ನ್ಯಾಯಾಧೀಶರ ಮೇಲೆ ನನಗೆ ಗೌರವವಿದೆ.

1901ರಲ್ಲಿ ಯಾರ್ಡಿಗೂ ಆ ಕಚೇರಿ ಬಂತು. 1905ರಲ್ಲಿ ಡೆಪ್ಟ್‌ಫರ್ಡಿನ ಬಣ್ಣದ ಅಂಗಡಿಯ ಜೋಡಿ ಕೊಲೆಯಲ್ಲಿ ಹಣದ ಪೆಟ್ಟಿಗೆಯ ತಟ್ಟೆಯನ್ನು ಕರವಸ್ತ್ರದಿಂದ ಹಿಡಿದೆತ್ತಿ ಪರೀಕ್ಷೆಗೆ ಕಳಿಸಿದವನು ಅದೇ ಮ್ಯಾಕ್ನಾಟನ್. ಸ್ಟ್ರಾಟನ್ ಸಹೋದರರಿಗೆ ಗಲ್ಲಾಯಿತು. ಆದರೆ ಆ ಹೆಬ್ಬೆಟ್ಟು ಯಾರ್ಡಿನ ಸಂಗ್ರಹದಲ್ಲಿ ಇರಲಿಲ್ಲ. ಸಾಕ್ಷಿಗಳ ಮಾತಿನ ಮೇಲೆ ಆ ಅಣ್ಣತಮ್ಮಂದಿರನ್ನು ಹಿಡಿದ ಮೇಲಷ್ಟೇ ತಾಳೆ ನೋಡಲು ಬಂದದ್ದು. ಮಿಲ್ಲರ್ಸ್ ಕೋರ್ಟಿನ ಗಾಜಿನ ಮೇಲೆ ಸ್ಪಷ್ಟ ಗುರುತು ಸಿಕ್ಕಿದ್ದರೂ ಇದೇ ಗತಿ ಇತ್ತು. ಎಂದೂ ಸಿಕ್ಕಿಬೀಳದವನ ಚೀಟಿ ಯಾವ ಗೂಡಿನಲ್ಲೂ ಇರುವುದಿಲ್ಲ.

ಈಗ ಡಿಎನ್‌ಎ ಕಾಲ. ಎಡೋಸ್‌ಳದೆಂಬ ಶಾಲೊಂದರ ಮೇಲಿನ ಕಲೆ ಕೋಸ್ಮಿನ್ಸ್ಕಿಯ ವಂಶಕ್ಕೆ ಹೊಂದುತ್ತದೆ ಎಂದು 2014ರಲ್ಲಿ ಪುಸ್ತಕ, 2019ರಲ್ಲಿ ವಿಜ್ಞಾನ ಪತ್ರಿಕೆಯ ಲೇಖನ ಬಂದಾಗ ಅಕ್ಕನ ಮಗ ಫೋನು ಮಾಡಿ ‘ಮಾವಾ, ಕೇಸು ಮುಗೀತಂತಲ್ಲ?’ ಎಂದ. ಎಡೋಸ್‌ಳ ಮೈಮೇಲಿದ್ದ ವಸ್ತುಗಳ ಪಟ್ಟಿಯನ್ನು ಪೊಲೀಸರು ಅವತ್ತೇ ಬರೆದಿದ್ದಾರೆ, ಅದನ್ನು ಓದು ಎಂದೆ. ಟೀ ಪುಡಿಯ ಡಬ್ಬಿ, ಸಕ್ಕರೆಯ ಡಬ್ಬಿ, ಮಣ್ಣಿನ ಚಿಲುಮೆಗಳು, ಒಂಟಿ ಕೈಗವಸು, ಬಿಳಿ ಚಿಂದಿಗಳು, ಗಿರವಿಯ ಚೀಟಿ ಇಟ್ಟಿದ್ದ ಸಾಸಿವೆಯ ಡಬ್ಬ, ಎಲ್ಲ ಇದೆ. ಶಾಲು ಇಲ್ಲ. ತಾಯಿಯ ಕಡೆಯಿಂದ ಹರಿಯುವ ಆ ಬಗೆಯ ಡಿಎನ್‌ಎ ಸಾವಿರಾರು ಜನರಿಗೆ ಒಂದೇ ಇರುತ್ತದೆ ಎಂಬುದು ಆಮೇಲಿನ ಮಾತು. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತೆಂದು ಬರೆದಿಡದಿದ್ದರೆ ನಮ್ಮ ತಾಲ್ಲೂಕು ಕೋರ್ಟೂ ಅದನ್ನು ಒಪ್ಪುವುದಿಲ್ಲ.

ನಾನು ಈಗಲೂ ಓದುವುದು ಕೆಲ್ಲಿಯ ಬಗ್ಗೆ ನಡೆಯುವ ಹುಡುಕಾಟವನ್ನು. ಐರ್ಲೆಂಡಿನ ಲಿಮರಿಕ್‌ನಲ್ಲಿ ಹುಟ್ಟಿದೆ, ವೇಲ್ಸ್‌ನಲ್ಲಿ ಬೆಳೆದೆ, ಮದುವೆಯಾದವನು ಗಣಿ ಸ್ಫೋಟದಲ್ಲಿ ಸತ್ತ ಎಂದು ಜೊತೆಗಿದ್ದ ಗಂಡಸಿಗೆ ಅವಳು ಹೇಳಿಕೊಂಡಿದ್ದಳು. ಜನಗಣತಿ, ಚರ್ಚಿನ ಪುಸ್ತಕ, ಮದುವೆ ನೋಂದಣಿ ಎಲ್ಲವನ್ನೂ ಜನ ಜಾಲಾಡಿದ್ದಾರೆ. ಆ ಕಥೆಗೆ ಹೊಂದುವ ಮೇರಿ ಜೇನ್ ಕೆಲ್ಲಿ ಎಲ್ಲೂ ಸಿಕ್ಕಿಲ್ಲ. ಬಹುಶಃ ಅದು ಅವಳ ಹೆಸರೇ ಅಲ್ಲ.