ಹತ್ತು ವರ್ಷವಾದರೂ ಹಳತೆನಿಸದ ಅಡುಗೆಮನೆ ಬೇಕೇ? ಬಣ್ಣಕ್ಕಿಂತ ಮೊದಲು ಇವನ್ನು ನೋಡಿ

ಇಂದಿನ ಮಾಡ್ಯುಲರ್ ಕಿಚನ್‌ಗೆ ಮೂಲ ಎನ್ನಲಾಗುವುದು 1926ರ ‘ಫ್ರಾಂಕ್‌ಫರ್ಟ್ ಕಿಚನ್’. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ವಿನ್ಯಾಸಗೊಳಿಸಿದ ಈ ಅಡುಗೆಮನೆಯ ಅಗಲ 1.9 ಮೀಟರ್, ಉದ್ದ 3.4 ಮೀಟರ್. ಮುಂಬೈ ಫ್ಲ್ಯಾಟ್‌ನಲ್ಲಿರುವವರಿಗೆ ಈ ಅಳತೆ ಹೊಸದೇನಲ್ಲ! ಅಡುಗೆ ಮಾಡುವವರ ಓಡಾಟ ಕಡಿಮೆಯಾಗುವಂತೆ ಜೋಡಿಸಿದ್ದರಿಂದಲೇ ಅದು ಇಂದಿಗೂ ಮಾದರಿ.

ಶೋರೂಮ್‌ನಲ್ಲಿ ಫಳಫಳ ಹೊಳೆಯುವ ಅಕ್ರಿಲಿಕ್ ಶಟರ್ ಮನೆಗೆ ಬಂದ ಮೇಲೆ ಬೆರಳಚ್ಚು, ಗೀರುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಮ್ಯಾಟ್ ಲ್ಯಾಮಿನೇಟ್ ವಾಸಿ. ದಿನವೂ ಒಗ್ಗರಣೆ ಹಾಕುವ ಮನೆಗೆ ತೆರೆದ ಶೆಲ್ಫ್ ಅಂತೂ ಬೇಡವೇ ಬೇಡ. ಎಣ್ಣೆ ಜಿಡ್ಡಿಗೆ ಧೂಳು ಅಂಟುತ್ತದೆ. ಬಿಳಿ ಮಾರ್ಬಲ್ ಕಟ್ಟೆಯ ಮೇಲೆ ಅರಿಶಿನದ ಕಲೆ ಕೂರುತ್ತದೆ, ಹುಣಸೆ ಮತ್ತು ನಿಂಬೆ ಹುಳಿ ಅದರ ಹೊಳಪನ್ನೇ ತಿನ್ನುತ್ತವೆ. ಚಾಮರಾಜನಗರದ ಕಡೆಯ ಕರಿ ಗ್ರಾನೈಟ್‌ಗೆ ಈ ಕಾಟವಿಲ್ಲ.

ದುಡ್ಡು ಹಾಕಬೇಕಾದದ್ದು ಕಣ್ಣಿಗೆ ಕಾಣದ ಜಾಗಕ್ಕೆ. ಸಿಂಕ್ ಕೆಳಗಿನ ಕ್ಯಾಬಿನೆಟ್‌ಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನೇ ಕೇಳಿ. ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದರೆ ಎಂಥ ಡಿಸೈನ್ ಇದ್ದರೂ ವ್ಯರ್ಥ. ಟ್ರೆಂಡಿ ಬಣ್ಣದ ಆಸೆಯಿದ್ದರೆ ಗೋಡೆಗೆ ಬಳಿಸಿ, ಬೇಸರವಾದಾಗ ಬದಲಿಸಬಹುದು. ದೋಸೆ ಹಿಟ್ಟಿನ ಗ್ರೈಂಡರ್ ಎಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಮುಂಗಡ ಕೊಡುವ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಸಿ. ಕ್ಯಾಟಲಾಗ್ ಚಿತ್ರಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.